ಮೂಸತ್ತೆಯ ಮೂರು ಮಾತು

“ಮೂತಿ ಆಚೆ ತೆಗಿಯೇ ಮುದುಕಿ! ತೆಗೀಲಿಲ್ಲ ಅಂದ್ರೆ ಇದನ್ನ ನಿನ್ನ ನೆತ್ತಿ ಮೇಲೇ ಸುರೀತೀನಿ. ಆಮೇಲೆ ಕಣ್ಣುರಿ ಅಂತ ಬಾಯಿ ಬಡ್ಕೋಬೇಡ!”

ಎಂಜಲು ತೊಟ್ಟಿಯೊಳಕ್ಕೆ ಸೊಂಟದವರೆಗೂ ಬಗ್ಗಿದ್ದ ಮೂಸತ್ತೆ ಮೂತಿ ತೆಗೆಯಲಿಲ್ಲ. ಅವಳು ಆಗ ಒಂದು ಆಲೂಗಡ್ಡೆಯ ಜೊತೆ ಮಾತುಕತೆಯಲ್ಲಿದ್ದಳು. ಅಂಥ ಹೊತ್ತಿನಲ್ಲಿ ನಡುವೆ ಎದ್ದುಬರುವುದು ಅವಳ ಜಾಯಮಾನದಲ್ಲೇ ಇರಲಿಲ್ಲ.

“ಒಂದು ಚೂರು ತಾಳಪ್ಪ, ಇದೇನೋ ಹೇಳ್ತಾ ಇದೆ,” ಎಂದು ತೊಟ್ಟಿಯೊಳಗಿಂದಲೇ ದನಿ ಬಂತು.

“ಏನು ಹೇಳುತ್ತೆ? ಬೇವರ್ಸಿ ಮುಂಡೆ ಅನ್ನುತ್ತಾ?”

“ಇಲ್ಲಪ್ಪ. ನಿನ್ನೆ ಬೆಳಗ್ಗೆ ಬೆಂದೆ, ಮೈಗೆ ಒಂದು ಹರಳು ಉಪ್ಪು ಸೋಕಿಸಲಿಲ್ಲ ಇವರು ಅಂತ ಗೋಳಾಡ್ತಿದೆ.”

ತೊಟ್ಟಿಯ ಸುತ್ತ ಡಬ್ಬಿ, ಬೋಗುಣಿ ಹಿಡಿದು ನಿಂತಿದ್ದ ಓಣಿಯ ಹೆಂಗಸರು ನಗು ತಡೆಯಲಾರದೆ ಬಾಯಿಗೆ ಕೈ ಒತ್ತಿಕೊಂಡರು. ಬೈಯುತ್ತಿದ್ದ ಔತಣ ಭವನದ ಮ್ಯಾನೇಜರನ ಕಿವಿ ಕೆಂಪಾಯಿತು. ಅವನು ಕೈಯಲ್ಲಿದ್ದ ಕ್ಯಾನಿನ ಮುಚ್ಚಳ ತಿರುಪಿ ತೊಟ್ಟಿಯ ಈ ಅಂಚಿನಿಂದ ಆ ಅಂಚಿಗೆ ಫಿನಾಯಿಲು ಸುರಿದ. ಅನ್ನ, ರೊಟ್ಟಿಯ ಚೂರು, ಅರ್ಧ ಕಚ್ಚಿಬಿಟ್ಟ ಹಣ್ಣು ಎಲ್ಲದರ ಮೇಲೂ ಅದು ಹರಿಯಿತು. ಆಸ್ಪತ್ರೆಯ ಕಕ್ಕಸಿನ ವಾಸನೆ ಭುಗಿಲೆಂದು ಎದ್ದಿತು. ಆಗ ಮೂಸತ್ತೆ ನಿಧಾನವಾಗಿ ಮೇಲೆದ್ದಳು. ಅವಳ ಕೂದಲಲ್ಲಿ ನಾಲ್ಕು ಹನಿ ಹೊಳೆಯುತ್ತಿದ್ದವು. ಕೈಯಲ್ಲಿದ್ದ ಆಲೂಗಡ್ಡೆಯೂ ನೆನೆದಿತ್ತು. ಅದನ್ನು ತಿರುಗಿಸಿ ನೋಡಿ, “ಅಯ್ಯೋ ಪಾಪ, ನಿನ್ನನ್ನೂ ಕೆಡಿಸಿಬಿಟ್ನಲ್ಲೇ,” ಎನ್ನುತ್ತಾ ಮಲಗಿದ ಕೂಸನ್ನು ಇಳಿಸುವ ಹಾಗೆ ಮೆಲ್ಲಗೆ ತೊಟ್ಟಿಗೇ ಇಳಿಸಿದಳು.

“ಇವತ್ತಿಂದ ದಿನಾ ಇದೇ,” ಎಂದ ಮ್ಯಾನೇಜರ್. “ಯಜಮಾನರ ಅಪ್ಪಣೆ. ಒಳಗೆ ಊಟಕ್ಕೆ ಕೂತೋರಿಗೆ ಕಿಟಕೀಲಿ ನಿಮ್ಮ ದರಿದ್ರ ಮುಖ ಕಾಣುತ್ತಂತೆ. ಹಸಿವೇ ಸತ್ತೋಗುತ್ತಂತೆ.”

“ನಾವು ದಿನಾ ಒಬ್ಬರ ಮುಖ ಒಬ್ಬರು ನೋಡ್ಕೊಂಡೇ ಇರ್ತೀವಲ್ಲಪ್ಪ,” ಎಂದಳು ಮೂಸತ್ತೆ, ಬಹಳ ವಿನಯದಿಂದ. “ನಮ್ಮದು ಸಾಯೋದೇ ಇಲ್ಲ. ಅವರು ಹೆಂಗೆ ನೋಡ್ತಾರೆ ಅಂತ ಸ್ವಲ್ಪ ಕೇಳಿ ಹೇಳು.”

ಅವನು ಖಾಲಿಯಾದ ಕ್ಯಾನನ್ನು ಅವಳ ಕಾಲ ಬಳಿ ಎಸೆದು ಒಳಕ್ಕೆ ಹೋದ. ಪ್ಯಾಂಟಿನ ಮಡಿಕೆ ಚೂರಿಯ ಅಂಚಿನಂತೆ ನಿಂತಿರುತ್ತಿದ್ದುದರಿಂದ ಓಣಿಯವರು ಅವನಿಗೆ ಇಟ್ಟ ಹೆಸರು ಇಸ್ತ್ರಿ.

ಔತಣ ಭವನದ ಹಿಂಗೋಡೆಗೆ ಒರಗಿಕೊಂಡೇ ಆ ಓಣಿ ಬೆಳೆದಿತ್ತು. ಒಂಬತ್ತು ಗೂಡು, ಒಂಬತ್ತು ಸಂಸಾರ. ಚಿಂದಿ ಆಯುವವರು, ಚರಂಡಿ ತೋಡುವವರು, ಮೂಟೆ ಹೊರುವವರು. ಭವನದ ತೊಟ್ಟಿಯೇ ಅವರ ಕಣಜ. ಆದರೆ ಸಿಕ್ಕಿದ್ದನ್ನು ಸಿಕ್ಕ ಹಾಗೆ ಬಾಯಿಗಿಡುವ ಜನ ಅವರಲ್ಲ. ತೊಟ್ಟಿಯಿಂದ ಏನು ಬಂದರೂ ಮೊದಲು ಮೂಸತ್ತೆಯ ಮೂಗಿನ ಮುಂದೆ ಹೋಗಬೇಕು. ಅವಳು ಕಣ್ಣು ಮುಚ್ಚಿ, “ಕೊಟ್ಟವನೇ, ನೀನೇ ಹೇಳು,” ಎಂದು ಒಮ್ಮೆ ಉಸಿರೆಳೆಯುತ್ತಾಳೆ. ಹೆಬ್ಬೆರಳಲ್ಲಿ ಒತ್ತುತ್ತಾಳೆ. ಒಂದು ಅಗುಳನ್ನು ನಾಲಗೆಯ ತುದಿಗೆ ಮುಟ್ಟಿಸಿ ಉಗಿಯುತ್ತಾಳೆ. ಆಮೇಲೆ ಮೂರು ಮಾತಿನಲ್ಲಿ ಒಂದು ಮಾತು ಹೊರಬೀಳುತ್ತದೆ. ಉಣ್ಣಿ. ಕುದಿಸಿ. ಬೇಡ. ಮತ್ತೆ ಅದರ ಮೇಲೆ ವಾದವಿಲ್ಲ. ಬೇಡ ಎಂದ ಮೇಲೆ, ಎಂಥ ಹಸಿದ ಮಗುವೂ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿತ್ತು. ಅದನ್ನು ಓಣಿಯಲ್ಲಿ ನಡಿಗೆಗಿಂತ ಮೊದಲು ಕಲಿಸುತ್ತಿದ್ದರು.

ದೇವರು ಎಲ್ಲಿದ್ದಾನೆ ಎಂದು ಓದಿದವರು ವಾದ ಮಾಡಿಕೊಳ್ಳಲಿ, ತನ್ನ ಮಟ್ಟಿಗೆ ಅವನು ಮೂಗಿನ ತುದಿಯಲ್ಲಿ ಕುಳಿತಿದ್ದಾನೆ ಎಂಬುದು ಮೂಸತ್ತೆಯ ನಂಬಿಕೆ. ಮೂವತ್ತು ವರ್ಷದ ಹಿಂದೆ ಗಂಡ ಎಲ್ಲಿಂದಲೋ ಒಂದು ಪೊಟ್ಟಣ ಕರಿದ ಮೀನು ತಂದಿದ್ದ. ಪೊಟ್ಟಣ ಬಿಚ್ಚಿದ ಕೂಡಲೇ ಅವಳಿಗೆ ವಾಸನೆ ಹತ್ತಿತು. ಆದರೆ ಅಷ್ಟು ಆಸೆಯಿಂದ ತಂದವನ ಮುಖ ಬಾಡೀತೆಂದು ಸುಮ್ಮನಿದ್ದಳು. ತನಗೆ ಹಸಿವಿಲ್ಲವೆಂದಳು. ಮರುದಿನ ಹೊತ್ತು ಏರುವಷ್ಟರಲ್ಲಿ ಗಂಡನೂ ಇರಲಿಲ್ಲ, ನಾಲ್ಕು ವರ್ಷದ ಮಗಳೂ ಇರಲಿಲ್ಲ. ಕಂಕುಳಲ್ಲಿದ್ದ ಗಂಡುಕೂಸು ಮಾತ್ರ ಉಳಿಯಿತು. ಅಂದಿನಿಂದ ಮೂಗು ಹೇಳಿದ್ದನ್ನು ಬಾಯಿ ಹೇಳದೆ ಬಿಟ್ಟಿಲ್ಲ, ಹೇಳದ್ದನ್ನು ಹೇಳಿಯೂ ಇಲ್ಲ. ಆ ಗಂಡುಕೂಸೇ ಈಗ ಊರಾಚೆಯ ಚರಂಡಿ ಕೆಲಸಕ್ಕೆ ಹೋಗಿ ವಾರಕ್ಕೊಮ್ಮೆ ಮನೆಗೆ ಬರುವ ಮಗ. ಅವನ ಹೆಂಡತಿ ಔತಣ ಭವನದಲ್ಲಿ ಪಾತ್ರೆ ತೊಳೆಯುತ್ತಾಳೆ. ಅವಳಿಗೆ ಐದು ತಿಂಗಳ ಕೂಸು.

ಫಿನಾಯಿಲು ಸುರಿದು ಮೂರನೆಯ ದಿನಕ್ಕೆ ಸೊಸೆಯ ಎದೆಹಾಲು ಬತ್ತತೊಡಗಿತು. ಕೂಸು ಬಾಯಿ ಹಾಕುವುದು, ಎಳೆಯುವುದು, ಬಿಟ್ಟು ಕಿರುಚುವುದು. ಓಣಿಯ ಒಲೆಗಳಲ್ಲಿ ಬರೀ ನೀರು ಕುದಿಯುತ್ತಿತ್ತು.

“ಇನ್ನೆರಡು ದಿನ ಹಿಂಗೇ ಆದ್ರೆ ಇದರ ಬಾಯಿಗೆ ಏನು ಹಾಕ್ಲಿ ಅತ್ತೆ?” ಎಂದಳು ಸೊಸೆ.

ಮೂಸತ್ತೆ ಕೂಸಿನ ಅಂಗಾಲು ತಿಕ್ಕಿದಳು.

ಅಂದು ಕೆಲಸ ಮುಗಿಸಿ ಹೊರಡುವಾಗ ಸೊಸೆಯ ತುರುಬು ಎಂದಿಗಿಂತ ದಪ್ಪಗಿತ್ತು. ಹಿಂಬಾಗಿಲಲ್ಲಿ ಇಸ್ತ್ರಿ ಎಲ್ಲರ ಚೀಲ ಜಾಲಾಡುತ್ತಿದ್ದ. ಮೂಸತ್ತೆ ಕೂಸನ್ನೆತ್ತಿಕೊಂಡು ಹೊರಗೆ ನಿಂತಿದ್ದಳು.

“ಚೀಲ?”

“ಚೀಲ ಇಲ್ಲ ಸರ್.”

“ಮಡಿಲು?”

ಸೊಸೆ ಮಡಿಲು ಕೊಡವಿದಳು. ಅವನು ಸುತ್ತು ಹಾಕಿ ಬಂದು ಹಿಂದೆ ನಿಂತ. “ಓಹೋ, ಮಹಾರಾಣಿಗೆ ಏನು ತುರುಬು! ಬಿಚ್ಚು.”

“ಸರ್, ಗಂಡಸ್ರ ಮುಂದೆ...”

“ನಾನು ಗಂಡಸಲ್ಲ, ಮ್ಯಾನೇಜರು. ಬಿಚ್ಚೇ ಕಳ್ಳ ಮುಂಡೆ!”

ತುರುಬು ಬಿಚ್ಚಿತು. ಸುಲಿಯದ ಒಂದು ಬೇಯಿಸಿದ ಮೊಟ್ಟೆ ಬೆನ್ನ ಮೇಲಿಂದ ಜಾರಿ, ನೆಲಕ್ಕೆ ಬಿದ್ದು, ಒಡೆಯದೆ, ಬುರುಬುರು ಉರುಳಿ ಬಂದು ಅವನ ಬೂಟಿನ ಮುಂದೆಯೇ ನಿಂತಿತು. ಅವನು ಅದರ ಮೇಲೆ ಕಾಲಿಟ್ಟ. ಅವಸರವಿಲ್ಲದೆ, ಅಡಿಯಲ್ಲಿ ಹಳದಿ ಕಾಣುವವರೆಗೆ ತಿರುಚಿದ.

“ನೆಕ್ಕಿ ಹೋಗು,” ಎಂದ.

ಸೊಸೆಯ ಕಣ್ಣಿನಲ್ಲಿ ನೀರು ತುಂಬಿತು. ಹೊರಗಿನಿಂದ ಮೂಸತ್ತೆ ಕೂಗಿ ಹೇಳಿದಳು: “ನೆಕ್ಕಬೇಡ ಕಣೇ. ಮೊಟ್ಟೆ ಚೆನ್ನಾಗಿತ್ತು, ಬೂಟು ಹಳಸಿದೆ.”

ಅದಕ್ಕೆ ಅವಳು ತೆತ್ತದ್ದು ಕತ್ತಿನ ಮೇಲೆ ಒಂದು ಏಟು. ಆದರೂ ಅತ್ತೆ ಸೊಸೆ ಮನೆ ಸೇರುವವರೆಗೂ ನಗುತ್ತಾ ಬಂದರು. ಮನೆ ಸೇರಿದ ಮೇಲೆ ಕೂಸು ಅತ್ತಿತು, ನಗು ನಿಂತಿತು.

ಮರುದಿನವೇ ಶುಚಿ ಸಾಹೇಬ ಬರುವ ದಿನ. ಅಡುಗೆಮನೆ, ಊಟದ ಮನೆಗಳ ಶುಚಿ ನೋಡಿ, ಗೋಡೆಗೆ ನೇತುಹಾಕುವಂಥ ಒಂದು ಪತ್ರ ಕೊಟ್ಟು ಹೋಗುವ ಅಧಿಕಾರಿ ಅವನು. ಪತ್ರ ಕೊಡುವ ಮೊದಲು ಉಂಡು ನೋಡುವುದು ಅವನ ಪದ್ಧತಿ. ಬೆಳಗಿನಿಂದ ಭವನದ ನೆಲ ಮೂರು ಸಲ ಒರೆಸಿಸಿಕೊಂಡಿತ್ತು. ಕೆಲಸಕ್ಕೆ ಕೈ ಸಾಲದೆ ಸೊಸೆಯನ್ನೂ ಬಿಡಿಸದೆ ಉಳಿಸಿಕೊಂಡಿದ್ದರು.

ನಡುಹಗಲು ಸಮೀಪಿಸುತ್ತಿತ್ತು. ಅಡುಗೆಮನೆಯ ಕಿಟಕಿಯ ಕೆಳಗೆ ಗೋಡೆಗೊರಗಿ ಕುಳಿತಿದ್ದ ಮೂಸತ್ತೆ ಇದ್ದಕ್ಕಿದ್ದಂತೆ ನೆಟ್ಟಗಾದಳು. ಒಳಗಿಂದ ಬರುತ್ತಿದ್ದ ಪರಿಮಳಗಳ ರಾಶಿಯೊಳಗೆ ಒಂದು ಎಳೆ ಬೇರೆಯಾಗಿತ್ತು. ಮೆಣಸು, ಲವಂಗ, ಬೆಳ್ಳುಳ್ಳಿಗಳ ಕೆಳಗೆ, ಹೊಸ ಬಟ್ಟೆಯ ಕೆಳಗೆ ಕೊಳೆತ ಗಾಯದ ಹಾಗೆ.

“ಅಡುಗೆಯೋನೇ, ಏ ಅಡುಗೆಯೋನೇ!” ಅವಳು ಕಿಟಕಿಯ ಸರಳು ಹಿಡಿದು ನಿಂತಳು. “ಆ ಕೋಳಿ ಮೊನ್ನೇದು ಕಣೋ. ಬೇಡ.”

ಬೆವರಿನಲ್ಲಿ ತೊಯ್ದಿದ್ದ ಅಡುಗೆಯವನು ಸೌಟು ಹಿಡಿದೇ ಬಳಿ ಬಂದ. “ಮೆಲ್ಲಗೆ ಅತ್ತೆ, ನಿನ್ನ ಕಾಲಿಗೆ ಬೀಳ್ತೀನಿ. ಎರಡು ದಿನ ಆಯ್ತು ಫ್ರಿಜ್ಜು ಕೆಟ್ಟು. ಎಸೀತೀನಿ ಅಂದೆ. ಮಸಾಲೆ ಜಾಸ್ತಿ ಹಾಕೋ ಬೋಳಿಮಗನೆ, ಸಾಹೇಬರಿಗೇನು ಗೊತ್ತಾಗುತ್ತೆ ಅಂದ ಆ ಇಸ್ತ್ರಿ.”

“ಅವರಿಗೆ ಗೊತ್ತಾಗಲ್ಲಪ್ಪ. ಅವರ ಹೊಟ್ಟೆಗೆ ಗೊತ್ತಾಗುತ್ತೆ.”

ಆ ಮಾತು ಮುಗಿಯುವ ಮೊದಲೇ ಒಳಗಿನಿಂದ ಒಂದು ಚೊಂಬು ನೀರು ಹಾರಿ ಬಂದು ಅವಳ ಮುಖಕ್ಕೆ ಬಡಿಯಿತು. ಹಿಂದೆಯೇ ಇಸ್ತ್ರಿಯ ಬಾಯಿ: “ಎಂಜಲು ತಿನ್ನೋ ನಾಯಿ, ನಮ್ಮ ಅಡುಗೆಗೆ ಹೆಸರಿಡ್ತೀಯಾ? ನಿನ್ನ ಮೂಗು ಕೊಯ್ದು ಹಿಂಬಾಗಿಲಿಗೆ ಮೊಳೆ ಹೊಡೀತೀನಿ!”

“ಹೊಡಿಯಪ್ಪ, ಹೋಗಿ ಬರೋರಿಗೆಲ್ಲ ಉಪಯೋಗ ಆಗುತ್ತೆ,” ಎನ್ನುತ್ತಾ ಮುಖ ಒರೆಸಿಕೊಂಡು ತಿರುಗಿದರೆ, ಎರಡು ಮಾರು ದೂರದಲ್ಲಿ ಶುಚಿ ಸಾಹೇಬ ನಿಂತಿದ್ದ.

ಮುಂಬಾಗಿಲಲ್ಲಿ ಅವನಿಗಾಗಿ ಹಾರ ಹಿಡಿದು ಕಾಯುತ್ತಿದ್ದರು. ಅವನು ಮೊದಲು ಚರಂಡಿ ನೋಡಿಬಿಡೋಣವೆಂದು ಹಿಂದಿನಿಂದ ಬಂದಿದ್ದ. ಹಿಂದೆ ಕಡತ ಹಿಡಿದ ಒಬ್ಬ ಗುಮಾಸ್ತ. ಸಾಹೇಬನ ಮುಖ ಬಿಳುಚಿಕೊಂಡಿತ್ತು. ಅದಕ್ಕೆ ಕಾರಣವಿತ್ತು. ಹೋದ ವಾರ ಇಂಥದೇ ಒಂದು ಭವನದಲ್ಲಿ ಉಂಡು, ಅವನು ಮೂರು ದಿನ ಕಕ್ಕಸಿನಿಂದಲೇ ಕಚೇರಿ ನಡೆಸಿದ್ದ. ಬಾಗಿಲ ಸಂದಿಯಲ್ಲಿ ಕಡತ ತೂರಿಸಿ ಸಹಿ ಹಾಕಿಸಿಕೊಂಡಿದ್ದವನು ಇದೇ ಗುಮಾಸ್ತ.

“ಏನಮ್ಮಾ ಅಂದೆ ನೀನು? ಕೋಳಿ?” ಎಂದ ಸಾಹೇಬ.

“ಹುಚ್ಚಿ ಸರ್ ಇವಳು!” ಇಸ್ತ್ರಿ ಹಿಂಬಾಗಿಲಿಂದ ಹಾರಿ ಬಂದ. “ತೊಟ್ಟೀಲಿ ತಿನ್ನೋರು. ಈಗ ತಾನೇ ಕೊಯ್ದ ಕೋಳಿ ಸರ್, ಜೀವ ಇನ್ನೂ ಬಿಸಿಯಾಗಿದೆ.”

ಗುಮಾಸ್ತ ಸಾಹೇಬನ ಕಿವಿಯಲ್ಲಿ ಏನೋ ಉಸಿರಿದ. ಇವಳ ಮೂಗಿನ ಸುದ್ದಿ ಪೇಟೆಯ ಅರ್ಧಕ್ಕೆ ಗೊತ್ತಿತ್ತು. ಸಾಹೇಬ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡ.

“ಇವಳು ಒಳಗೆ ಬರಲಿ,” ಎಂದ. “ಬಡಿಸೋದೆಲ್ಲ ಮೊದಲು ಇವಳು ಮೂಸಲಿ. ಆಮೇಲೆ ನಾನು ಉಣ್ತೀನಿ.”

ಮೂಸತ್ತೆಯ ಕಾಲಿಗೆ ಎರಡು ಬಕೆಟ್ ನೀರು ಸುರಿದರು. ಊಟದ ಮನೆಯ ಹೊಳೆಯುವ ನೆಲದ ಮೇಲೆ ಹಳೆಯ ಪತ್ರಿಕೆ ಹಾಸಿ, ಅದರ ಮೇಲೆ ಮಾತ್ರ ನಿಲ್ಲಬೇಕೆಂದರು. ಕರೆತರುವ ನೆಪದಲ್ಲಿ ಇಸ್ತ್ರಿ ಅವಳ ಪಕ್ಕಕ್ಕೆ ಬಂದ. ಅವನ ದನಿ ಈಗ ಬೆಣ್ಣೆ.

“ಅತ್ತೆ, ಎಲ್ಲದಕ್ಕೂ ಉಣ್ಣಿ ಅಂತ ಒಂದು ಮಾತು ಹೇಳಿಬಿಡು. ನಾಳೆಯಿಂದ ಫಿನಾಯಿಲು ಇಲ್ಲ. ನನ್ನ ಮಕ್ಕಳಾಣೆ. ಬೇಡ ಅಂದ್ಯೋ, ಆ ತೊಟ್ಟಿಗೆ ಕಬ್ಬಿಣದ ಮುಚ್ಚಳ ಹಾಕಿ ಬೀಗ ಜಡೀತೀನಿ. ನಿನ್ನ ಮೊಮ್ಮಗು ಅದರ ಮುಂದೇನೇ ಸಾಯಲಿ.”

“ನಾನು ನಿನಗೆ ಯಾವಾಗ ಅತ್ತೆ ಆದೆ ಮಗಾ?” ಎಂದಳು ಅವಳು.

ಹಿಂಬದಿಯ ಕಿಟಕಿಯಲ್ಲಿ ಕುಂಟಜ್ಜನ ತಲೆ ಕಂಡಿತು. ಮೂಟೆ ಹೊರುವಾಗ ಕಾಲು ಮುರಿದುಕೊಂಡ ಮೇಲೆ ಓಣಿಯ ಸುದ್ದಿಯನ್ನೆಲ್ಲ ಹೊರುವವನು ಅವನೇ. ಒಂದು ಡ್ರಮ್ಮಿನ ಮೇಲೆ ಹತ್ತಿ ನಿಂತು ಒಳಗಿನದನ್ನು ಹೊರಗಿನವರಿಗೆ ಸಾರುತ್ತಿದ್ದ.

ಮೊದಲು ಕೋಳಿ ಬಂತು. ಎಣ್ಣೆ ತೇಲುವ ಕೆಂಪು, ಮೇಲೆ ಹಸಿರು ಸೊಪ್ಪಿನ ಅಲಂಕಾರ. ಮೂಸತ್ತೆ ಕಣ್ಣು ಮುಚ್ಚಿದಳು. ಕೊಟ್ಟವನೇ, ನೀನೇ ಹೇಳು. ಅವನು ಹೇಳಿದ. ಕಬ್ಬಿಣದ ಮುಚ್ಚಳ ಕಣ್ಣ ಮುಂದೆ ಬಂತು, ಕೂಸಿನ ಬಾಯಿ ಬಂತು, ಅವುಗಳ ಹಿಂದೆ ಒಂದು ಹಳೆಯ ಮೀನಿನ ಪೊಟ್ಟಣವೂ ಬಂತು.

“ಬೇಡ,” ಎಂದಳು.

“ಬೇಡ!” ಎಂದು ಕಿಟಕಿಯಲ್ಲಿ ಕುಂಟಜ್ಜ ಸಾರಿದ.

“ಸುಳ್ಳು!” ಎಂದ ಇಸ್ತ್ರಿ. “ಸರ್, ಈಗ ತಾನೇ...”

“ಹಾಗಾದ್ರೆ ನೀವೇ ಒಂದು ತುಂಡು ತಿನ್ನಿ,” ಎಂದ ಸಾಹೇಬ.

ಇಸ್ತ್ರಿ ತಟ್ಟೆಯನ್ನು ನೋಡಿದ. ತಟ್ಟೆ ಅವನನ್ನು ನೋಡಿತು. “ನಾನು... ಇವತ್ತು ಉಪವಾಸ ಸರ್,” ಎಂದ.

ಗುಮಾಸ್ತ ಕೆಮ್ಮಿದ. ಸಾಹೇಬ ಕೈಯಿಂದ ಸನ್ನೆ ಮಾಡಿದ. ಕೋಳಿಯ ಪಾತ್ರೆ ಹೊರಕ್ಕೆ ಹೋಯಿತು.

ಆಮೇಲೆ ಅನ್ನ ಬಂತು. ಆಗ ತಾನೇ ಬಸಿದ ಅನ್ನ. ಮುಚ್ಚಳ ತೆಗೆದರೆ ಹಬೆ ಎದ್ದು ಮೂಸತ್ತೆಯ ಮುಖವನ್ನು ತಾಯಿಯ ಕೈಯಂತೆ ಸವರಿತು. ಇಷ್ಟು ಎಳೆಯ ಅನ್ನದ ವಾಸನೆ ಅವಳ ಮೂಗಿಗೆ ಸೋಕಿ ಎಷ್ಟು ವರ್ಷವಾಗಿತ್ತೋ. ತೊಟ್ಟಿಗೆ ಬರುವ ಅನ್ನಕ್ಕೆ ಯಾವಾಗಲೂ ಇನ್ನೊಬ್ಬರ ಬೆರಳಿನ ನೆನಪಿರುತ್ತದೆ. ಇದಕ್ಕೆ ಯಾರ ನೆನಪೂ ಇರಲಿಲ್ಲ. ಮೂಗಿನ ತುದಿಯಲ್ಲಿದ್ದವನು ಉಣ್ಣಿ, ಉಣ್ಣಿ ಎಂದು ಕುಣಿದ.

ಉಣ್ಣಿ ಎಂದರೆ ಇವರು ಉಣ್ಣುತ್ತಾರೆ. ಉಂಡು ಮಿಕ್ಕಿದ್ದಕ್ಕೆ ಫಿನಾಯಿಲು. ಬೇಡ ಎಂದರೆ ಇಡೀ ಪಾತ್ರೆಯೇ ಹಿಂಬಾಗಿಲಿಗೆ, ಅಲ್ಲಿರುವುದು ಸೊಸೆ. ಮೂಸತ್ತೆ ಒಂದು ಕಣ್ಣು ತೆರೆದು ಇಸ್ತ್ರಿಯನ್ನು ನೋಡಿದಳು. ಮೂವತ್ತು ವರ್ಷ ಸತ್ಯ ಹೇಳಿ ಸವೆದ ಬಾಯಿ ಅದು. ತಪ್ಪಾಯ್ತಪ್ಪ ಕೊಟ್ಟವನೇ, ಒಂದೇ ಒಂದು ಸಲ ನೀನು ಆಚೆ ಕಡೆ ತಿರುಗಿಕೋ ಎಂದು ಒಳಗೇ ಬೇಡಿಕೊಂಡಳು.

“ಬೇಡ,” ಎಂದಳು.

“ಬೇಡ!” ಎಂದ ಕುಂಟಜ್ಜ.

“ಅನ್ನಕ್ಕೇನಾಗಿದೆ?” ಸಾಹೇಬ ಗಾಬರಿಯಾದ.

“ಬೆವೆತಿದೆ ಸ್ವಾಮಿ.”

“ಅನ್ನ ಬೆವರುತ್ತೇನೇ ಮುಂಡೆ!” ಇಸ್ತ್ರಿ ಕಿರುಚಿದ. “ಸರ್, ಇದು ನಿಜವಾಗಿಯೂ ಈಗ ತಾನೇ ಮಾಡಿದ್ದು!”

“ಕೋಳಿಗೂ ಇದೇ ಮಾತು ಅಂದ್ರಿ,” ಎಂದ ಸಾಹೇಬ. ಅನ್ನ ಹೊರಕ್ಕೆ ಹೋಯಿತು.

ಒಂದು ಸಲ ಜಾರಿದ ನಾಲಗೆಗೆ ಆಮೇಲೆ ಜಾರುವುದೇ ಒಂದು ಆಟ. ಬೇಳೆ ಮುನಿಸಿಕೊಂಡಿದೆ ಎಂದಳು. ಪಲ್ಯಕ್ಕೆ ಜ್ವರ ಬಂದಿದೆ ಎಂದಳು. ಬಿಸಿ ರೊಟ್ಟಿಯನ್ನು ಮೂಸಿ, ತಲೆಯಾಡಿಸಿ, ಸತ್ತವರ ಮನೆಯಲ್ಲಿ ಮಾಡುವ ಹಾಗೆ ಒಂದು ನಿಟ್ಟುಸಿರು ಬಿಟ್ಟು, ಏನೂ ಹೇಳದೆಯೇ ಪಕ್ಕಕ್ಕೆ ಸರಿಸಿದಳು. ಸಾಹೇಬ ಬೆವರು ಒರೆಸಿಕೊಂಡ. ಹಾಲು ಸಕ್ಕರೆ ಕುದಿಸಿ ಮಾಡಿದ ಸಿಹಿ ಬಂದಾಗ ಅವಳ ಬಾಯಲ್ಲಿ ನೀರೂರಿ ಮಾತೇ ಹೊರಡಲಿಲ್ಲ. ನುಂಗಿಕೊಂಡು, “ಇದನ್ನ ಮಾತ್ರ ಬೇಗ ಆಚೆ ಕಳಿಸಿ ಸ್ವಾಮಿ, ಗೋಡೆಗೆಲ್ಲ ಅಂಟೀತು,” ಎಂದಳು. ಒಂದರ ಹಿಂದೆ ಒಂದು ಪಾತ್ರೆ ಹೊರಟಿತು. “ಎಲ್ಲಾ ತೊಟ್ಟಿಗೆ ಸುರೀರೋ, ಫಿನಾಯಿಲು ಹಾಕ್ರೋ!” ಎಂದು ಇಸ್ತ್ರಿ ಹಿಂದಕ್ಕೆ ಕೂಗಿದ.

ಹಿಂಬಾಗಿಲ ಜಗಲಿಯ ಮೇಲೆ ಫಿನಾಯಿಲಿನ ಕ್ಯಾನು ಸೊಸೆಯ ಕೈಯಲ್ಲೇ ಇತ್ತು. ಅದರ ಮುಚ್ಚಳ ಅಂದು ಯಾಕೋ ಎಷ್ಟು ತಿರುಪಿದರೂ ಬಿಚ್ಚುತ್ತಿರಲಿಲ್ಲ. ಅವಳು ತಿರುಪುತ್ತಿದ್ದುದು ಮುಚ್ಚುವ ಕಡೆಗೆ.

ಮೂಸತ್ತೆ ಪತ್ರಿಕೆಯ ಮೇಲೆ ನಿಂತೇ ಕಿವಿ ಹಿಂದಕ್ಕೆ ಕೊಟ್ಟಳು. ಈಗ ಬೋಗುಣಿಗಳ ಸದ್ದು ಕೇಳಬೇಕು. ಮಕ್ಕಳ ಗಲಾಟೆ ಕೇಳಬೇಕು. ನನಗೆ ಮೊದಲು, ನಿನಗೆ ಆಮೇಲೆ ಎಂಬ ಜಗಳವಾದರೂ ಕೇಳಬೇಕು. ಏನೂ ಇಲ್ಲ. ಓಣಿ ಓಣಿಯೇ ಉಸಿರು ಹಿಡಿದು ನಿಂತ ಹಾಗಿತ್ತು. ಆ ಮೌನದೊಳಗೆ ಸೊಸೆಯ ಸಣ್ಣ ದನಿ ಬಂತು: “ತಗೊಳ್ರೋ, ಬೇಗ ತಗೊಳ್ರೋ, ನಾನೇ ನೋಡಿದೀನಿ, ಎಲ್ಲಾ ಬಿಸಿ ಬಿಸಿ!”

ಅದಕ್ಕೆ ಕುಂಟಜ್ಜನ ಗಡಸು ದನಿ: “ನೀನು ನೋಡಿದ್ರೆ ಏನಾಯ್ತೇ? ಅತ್ತೆ ಬೇಡ ಅಂದಿದ್ದಾಳೆ. ಮುಟ್ಟಬೇಡ್ರೋ ಯಾರೂ. ಕೈ ಹಿಂದೆ!”

ಮೂಸತ್ತೆಗೆ ಕಾಲ ಕೆಳಗಿನ ಪತ್ರಿಕೆ ಜಾರಿದಂತಾಯಿತು. ಜನ್ಮದಲ್ಲಿ ಮೊದಲ ಸಲ ಮೂಗಿನ ಹೆಸರಲ್ಲಿ ಸುಳ್ಳು ಹೇಳಿದ್ದಳು. ನಂಬಬೇಕಾದವರೂ ನಂಬಿದರು, ನಂಬಬಾರದವರೂ ನಂಬಿದರು. ಒಂಬತ್ತು ಗೂಡಿನ ಮಕ್ಕಳು ಹಬೆಯಾಡುವ ಅನ್ನದ ಮುಂದೆ ಕೈ ಹಿಂದೆ ಕಟ್ಟಿಕೊಂಡು ನಿಂತಿವೆ. ಸಿಕ್ಕಿಸಿಬಿಟ್ಟೆಯಲ್ಲೋ ಕಳ್ಳ ಎಂದು ಮೇಲಿನವನನ್ನು ಬೈದಳು. ಅವನು ಮೂಗಿನ ತುದಿಯಲ್ಲಿ ಕುಳಿತು ನಗುತ್ತಿದ್ದ ಹಾಗಿತ್ತು.

ಇಸ್ತ್ರಿಗೂ ಆ ಮೌನ ಏನೋ ಹೇಳಿತು. ಅವನು ಒಮ್ಮೆ ಅವಳ ಮುಖ ನೋಡಿದ, ಒಮ್ಮೆ ಹಿಂಬಾಗಿಲು ನೋಡಿದ. ಮರುಕ್ಷಣ ಅಡುಗೆಮನೆಯ ಕಡೆಗೆ ಓಡಿದ. “ಕೊಡೇ ಕ್ಯಾನು! ನಾನೇ ಹಾಕ್ತೀನಿ!”

ಮೂಸತ್ತೆ ಪತ್ರಿಕೆ ಬಿಟ್ಟು ಕೆಳಗಿಳಿದಳು. ಮೂರು ಸಲ ಒರೆಸಿದ ನೆಲದ ಮೇಲೆ ಅವಳ ಒದ್ದೆ ಪಾದಗಳು ಒಂದೊಂದಾಗಿ ಮೂಡುತ್ತಾ ಹೋದವು. “ಎಲ್ಲಿಗಮ್ಮಾ?” ಎನ್ನುತ್ತಾ ಸಾಹೇಬ ಎದ್ದ. ಸಾಹೇಬ ಎದ್ದನೆಂದು ಗುಮಾಸ್ತನೂ ಎದ್ದ.

ಅವಳು ಹಿಂಬಾಗಿಲು ದಾಟಿದಾಗ ಜಗಲಿಯ ಮೇಲೆ ಪಾತ್ರೆಗಳು ಸಾಲಾಗಿದ್ದವು. ಒಂದನ್ನೂ ಇನ್ನೂ ತೊಟ್ಟಿಗೆ ಸುರಿದಿರಲಿಲ್ಲ. ಹೊತ್ತು ತಂದಿದ್ದ ಅಡುಗೆಯವನಿಗೆ ಅಂದು ಇದ್ದಕ್ಕಿದ್ದಂತೆ ಸೊಂಟ ಹಿಡಿದುಕೊಂಡಿತ್ತು. ಇಸ್ತ್ರಿ ಸೊಸೆಯ ಕೈಯಿಂದ ಕ್ಯಾನು ಕಿತ್ತುಕೊಂಡು, ಮುಚ್ಚಳವನ್ನು ಹಲ್ಲಿನಿಂದ ಕಚ್ಚಿ ತಿರುಪುತ್ತಿದ್ದ. ಮುಚ್ಚಳ ಬಿಚ್ಚಿತು. ಅವನು ಥೂ ಥೂ ಎಂದು ಉಗಿಯುತ್ತಾ ಕ್ಯಾನನ್ನು ಅನ್ನದ ಮೇಲೆ ಎತ್ತಿದ.

ಮೂಸತ್ತೆ ಹೋಗಿ ಅನ್ನದ ಪಾತ್ರೆಯ ಮುಂದೆ ಕಾಲು ಚಾಚಿ ಕುಳಿತಳು. ಪಾತ್ರೆಯನ್ನು ಎರಡು ತೊಡೆಯ ನಡುವೆ ಎಳೆದುಕೊಂಡು, ಅದರ ಮೇಲೆ ತನ್ನ ಬಿಳಿತಲೆ ಬಗ್ಗಿಸಿದಳು.

“ಸುರಿಯಪ್ಪ,” ಎಂದಳು. “ಅನ್ನಕ್ಕೆ ಬೀಳೋಕೆ ಮುಂಚೆ ನನ್ನ ಮೇಲೆ ಬೀಳುತ್ತೆ. ಸಾಹೇಬರು ನೋಡ್ತಿದಾರೆ, ಸುರಿ.”

ಕ್ಯಾನು ಗಾಳಿಯಲ್ಲೇ ನಿಂತಿತು. ಬಾಗಿಲಲ್ಲಿ ಸಾಹೇಬ, ಅವನ ಹೆಗಲ ಹಿಂದೆ ಗುಮಾಸ್ತ, ಅವರ ಹಿಂದೆ ಬಡಿಸುವವರು, ಅಡುಗೆಯವರು.

ಅವಳು ಒಂದು ಹಿಡಿ ಅನ್ನ ತೆಗೆದಳು. ಮೂಸಲಿಲ್ಲ. ಹೆಬ್ಬೆರಳಲ್ಲಿ ಒತ್ತಲಿಲ್ಲ. ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ಸುಟ್ಟಿತು, ಆದರೂ ಉಗಿಯಲಿಲ್ಲ. ಬಿಸಿ ಗಂಟಲಿಳಿದು ಹೊಟ್ಟೆ ಮುಟ್ಟಿತು. ಕೂಸು ಎಲ್ಲೋ ಸಣ್ಣಗೆ ಕುಂಯ್‌ಗುಡುತ್ತಿತ್ತು.

“ಉಣ್ಣಿ,” ಎಂದಳು.

ಯಾವ ಕೈಯೂ ಅಲುಗಲಿಲ್ಲ. ಕುಂಟಜ್ಜ ಡ್ರಮ್ಮಿನಿಂದ ಇಳಿದು ಕೋಲೂರಿಕೊಂಡು ಬಂದು ಅವಳೆದುರು ನಿಂತ. “ಅತ್ತೆ, ಒಳಗೆ ಬೇಡ ಅಂದೆ. ಇಲ್ಲಿ ಉಣ್ಣಿ ಅಂತೀಯ. ಯಾವುದನ್ನ ನಂಬೋದು?”

“ಒಳಗೆ ಹೇಳಿದ್ದು ಸುಳ್ಳು ಕಣೋ.” ಅವಳು ಎಲ್ಲರಿಗೂ ಕೇಳುವಂತೆ ಹೇಳಿದಳು. ಬಾಗಿಲ ಕಡೆ ತಿರುಗಿ ಮತ್ತೊಮ್ಮೆ ಹೇಳಿದಳು. “ಸುಳ್ಳು ಹೇಳಿದೆ. ಹಸಿವಾಗಿತ್ತು, ಹೇಳಿದೆ. ಕೋಳಿ ಮಾತ್ರ ನಿಜ. ಅದನ್ನ ಯಾರೂ ಮುಟ್ಟಬೇಡಿ, ನಾಯಿಗೂ ಹಾಕಬೇಡಿ. ಮಿಕ್ಕಿದ್ದೆಲ್ಲ ಉಣ್ಣಿ.”

ಬೆನ್ನ ಹಿಂದಿನ ಕೈಗಳು ಮುಂದೆ ಬಂದವು. ನೂಕುನುಗ್ಗಲಾಗಲಿಲ್ಲ. ಎಂದಿನಂತೆ ಚಿಕ್ಕವರು ಮುಂದೆ, ಬಾಣಂತಿಯರು ಅವರ ಹಿಂದೆ, ಆಮೇಲೆ ಮುದುಕರು, ಎಲ್ಲರಿಗಿಂತ ಕೊನೆಗೆ ಕುಂಟಜ್ಜ. ಮೂಸತ್ತೆ ಕುಳಿತಲ್ಲಿಂದಲೇ ಬೋಗುಣಿಗಳಿಗೆ ಬಡಿಸತೊಡಗಿದಳು. ಸೊಸೆ ಗೋಡೆಗೊರಗಿ ಕುಳಿತು ಒಂದು ಕೈಯಲ್ಲಿ ಉಣ್ಣುತ್ತಾ, ಇನ್ನೊಂದು ಕೈಯಲ್ಲಿ ಕೂಸನ್ನು ಎದೆಗೆ ಹಚ್ಚಿಕೊಂಡಳು.

“ಬಾಯಿಬಿಟ್ಟು ಒಪ್ಪಿಕೊಂಡ್ಳು ಸರ್! ಕೇಳಿಸ್ಕೊಂಡ್ರಲ್ಲ?” ಇಸ್ತ್ರಿಯ ತುಟಿಯ ಮೇಲೆ ಫಿನಾಯಿಲಿನ ಬಿಳಿ ಒಣಗುತ್ತಿತ್ತು. “ನಾಳೆ ಈ ಓಣೀನೇ ಎತ್ತಿಸ್ತೀನಿ! ಮುಚ್ಚಳ, ಬೀಗ, ಪೊಲೀಸು, ಎಲ್ಲಾ ತರಿಸ್ತೀನಿ! ಸರ್, ಹೇಳಿ ಸರ್ ನೀವಾದ್ರೂ!”

ಸಾಹೇಬನ ಕಣ್ಣು ಒಂದು ಬೋಗುಣಿಯಿಂದ ಇನ್ನೊಂದು ಬೋಗುಣಿಗೆ ಹೋಗುತ್ತಿತ್ತು. ಅವನು ಬೆಳಗ್ಗೆ ಈ ಔತಣ ನೆನೆದು ಬರೀ ಹೊಟ್ಟೆಯಲ್ಲಿ ಹೊರಟಿದ್ದ. ಆ ಹೊಟ್ಟೆ ಈಗ ಎಲ್ಲರಿಗೂ ಕೇಳುವ ಹಾಗೆ ಒಮ್ಮೆ ಗುಡುಗಿತು.

“ಹಾಗಾದ್ರೆ...” ಅವನು ಗಂಟಲು ಸರಿಮಾಡಿಕೊಂಡ. “ಆ ಅನ್ನ ಚೆನ್ನಾಗಿಯೇ ಇತ್ತಾ ಅಮ್ಮಾ?”

“ಮಲ್ಲಿಗೆ ಹಾಗಿದೆ ಸ್ವಾಮಿ.”

“ಆ ಸಿಹಿ?”

“ಅದರ ಸುದ್ದಿ ಕೇಳಲೇಬೇಡಿ.”

ಸಾಹೇಬ ಒಂದು ಮೆಟ್ಟಿಲು ಇಳಿದ. ಗುಮಾಸ್ತ ಒಳಗೆ ಹೋಗಿ ಎರಡು ತಟ್ಟೆ ತಂದ. ಒಂದನ್ನು ಸಾಹೇಬನಿಗೆ ಕೊಟ್ಟು, ಇನ್ನೊಂದನ್ನು ಕಡತದ ಕೆಳಗೆ ಅಡಗಿಸಿ ಹಿಡಿದುಕೊಂಡ. ಸಾಹೇಬ ತಟ್ಟೆ ಹಿಡಿದು ಜಗಲಿಯ ಅಂಚಿಗೆ ಬಂದು, ಮೂಸತ್ತೆಯ ಮುಂದೆ ನೇರವಾಗಿ ಕೈ ಚಾಚಿದ.

ಮೂಸತ್ತೆ ತಲೆ ಎತ್ತಿ ನೋಡಿದಳು. ಕೈಯಲ್ಲಿದ್ದ ಸೌಟನ್ನು ಅನ್ನದಲ್ಲಿ ನೆಟ್ಟು ನಿಲ್ಲಿಸಿದಳು.

“ಇಲ್ಲಲ್ಲ ಸ್ವಾಮಿ,” ಎಂದಳು, ಬಹಳ ವಿನಯದಿಂದ. “ಸಾಲು ಅಲ್ಲಿಂದ. ಆ ಕುಂಟಜ್ಜನ ಹಿಂದೆ ನಿಂತ್ಕೊಳ್ಳಿ.”